ರೇಡಿಯೇಟರಿನ ಹಿಂದೆ ಹೊಳೆಯುವ ಹಾಳೆ: ಅಲ್ಲಿನ ಚಳಿಗೆ ಎಷ್ಟು, ನಮ್ಮ ತಗಡಿನ ಬಿಸಿಗೆ ಎಷ್ಟು?

ಶಾಮನೂರು ರಸ್ತೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಒಂದು ಹಳೆಯ ಇಟ್ಟಿಗೆ ಮನೆಯನ್ನು ಕೊಂಡಿದ್ದಾರೆ. ಸಾಲು ಮನೆಗಳಲ್ಲಿ ಒಂದಾದ ಅದನ್ನು ನೂರು ವರ್ಷಗಳಿಗೂ ಹಿಂದೆ ಕಟ್ಟಿದ್ದಂತೆ. ಅಡುಗೆಮನೆಯ ಮೂಲೆಯಲ್ಲಿರುವ ಅನಿಲದ ಬಾಯ್ಲರ್ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಪ್ರತಿ ಕೋಣೆಯ ಗೋಡೆಗೆ ತೂಗುಹಾಕಿದ ಉಕ್ಕಿನ ರೇಡಿಯೇಟರುಗಳಿಗೆ ಕಳುಹಿಸುತ್ತದೆ. ಚಳಿಗಾಲದ ಅನಿಲದ ಬಿಲ್ಲು ನೋಡಿ ಅಳಿಯಂದಿರು ಗಾಬರಿಯಾಗಿದ್ದಾರೆ. ರೇಡಿಯೇಟರಿನ ಹಿಂದೆ ಅಲ್ಯೂಮಿನಿಯಂ ಮುಖವುಳ್ಳ ಹಾಳೆಯನ್ನು ಅಂಟಿಸಿದರೆ ಗೋಡೆಗೆ ಹೋಗುವ ಶಾಖ ಮರಳಿ ಕೋಣೆಗೆ ಬರುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಹಾಳೆ ಅಗ್ಗ, ಕೆಲಸವೂ ಸುಲಭ; ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ಉಳಿತಾಯ ನಿಜವೇ ಎಂಬುದು ಅವರ ಪ್ರಶ್ನೆ. ಅವರು ನನ್ನನ್ನು ಕೇಳಿದರು, ನಾನು ತಮ್ಮನ್ನು ಕೇಳುತ್ತಿದ್ದೇನೆ. ಫ್ಯಾನ್ ಹಾಕಿಕೊಂಡು ಬೆವರು ಒರೆಸಿಕೊಳ್ಳುತ್ತ ಮನೆ ಬಿಸಿ ಮಾಡುವ ಬಗ್ಗೆ ವಿಚಾರಿಸುವುದು ವಿಚಿತ್ರವೆನಿಸಿದರೆ ಕ್ಷಮಿಸಿ.

ಭೌತಶಾಸ್ತ್ರದ ಮೇಷ್ಟ್ರು (ಚಿತ್ರದುರ್ಗ)

ಯಜಮಾನರೇ, ಪ್ರಶ್ನೆಯಲ್ಲಿ ವಿಚಿತ್ರವೇನೂ ಇಲ್ಲ. ಬಿಸಿಯನ್ನು ಒಳಗೆ ಉಳಿಸಿಕೊಳ್ಳುವುದಕ್ಕೂ ಹೊರಗೇ ತಡೆಯುವುದಕ್ಕೂ ಲೆಕ್ಕ ಒಂದೇ. ಥರ್ಮಾಸ್ ಫ್ಲಾಸ್ಕಿನ ಒಳಗಿನ ಗಾಜಿಗೆ ಬೆಳ್ಳಿಯ ಲೇಪ ಇರುವುದನ್ನು ನೀವು ನೋಡಿರುತ್ತೀರಿ. ಜೇಮ್ಸ್ ಡ್ಯೂವರ್ 1892ರಲ್ಲಿ ಅಂಥ ಪಾತ್ರೆಯನ್ನು ರೂಪಿಸಿದ್ದು ಬಿಸಿ ಚಹಾಕ್ಕಾಗಿ ಅಲ್ಲ, ಅತಿ ತಣ್ಣನೆಯ ದ್ರವ ಅನಿಲಗಳನ್ನು ಕಾಯ್ದಿಡಲು.

ರೇಡಿಯೇಟರ್ ಎಂಬ ಹೆಸರು ವಿಕಿರಣವನ್ನು ಸೂಚಿಸಿದರೂ ಅದು ತನ್ನ ಶಾಖದ ದೊಡ್ಡ ಪಾಲನ್ನು ಸಂವಹನದಿಂದಲೇ ಕೊಡುತ್ತದೆ. ಅದರ ಮಡಿಕೆಗಳ ನಡುವಿನ ಗಾಳಿ ಕಾದು ಮೇಲೇರುತ್ತದೆ, ಕೆಳಗಿನಿಂದ ತಣ್ಣನೆಯ ಗಾಳಿ ಆ ಜಾಗಕ್ಕೆ ಬರುತ್ತದೆ. ಉಳಿದ ಶಾಖ ವಿಕಿರಣವಾಗಿ ಹೊರಡುತ್ತದೆ. ಅದರಲ್ಲಿ ಮುಂದಿನ ಮುಖದ್ದು ನಿಮ್ಮ ಮೈಗೆ ತಾಗುತ್ತದೆ, ಹಿಂದಿನ ಮುಖದ್ದು ಗೋಡೆಗೆ ತಾಗುತ್ತದೆ. ಹಾಳೆ ತಡೆಯಬಲ್ಲದ್ದು ಮುಖ್ಯವಾಗಿ ಈ ಹಿಂದಿನ ಮುಖದ ವಿಕಿರಣವನ್ನು. ಹಾಗಾಗಿ ಲೆಕ್ಕ ಆರಂಭವಾಗುವುದೇ ಒಂದು ಪಾಲಿನ ಪಾಲಿನಿಂದ.

ಅಷ್ಟರ ಮಟ್ಟಿಗೆ ಹಾಳೆಯ ಕೆಲಸ ಅದ್ಭುತವಾಗಿಯೇ ಇದೆ. ಸ್ಟೀಫಾನ್ 1879ರಲ್ಲಿ ಪ್ರಯೋಗಗಳಿಂದ ಕಂಡುಕೊಂಡು, ಬೋಲ್ಟ್ಸ್‌ಮನ್ 1884ರಲ್ಲಿ ಸಿದ್ಧಾಂತದಿಂದ ಸಾಧಿಸಿದ ನಿಯಮದ ಪ್ರಕಾರ, ವಿಕಿರಣವು ನಿರಪೇಕ್ಷ ಉಷ್ಣಾಂಶದ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ್ದರ) ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ರೇಡಿಯೇಟರಿನ ಮೈ 50 ಡಿಗ್ರಿ ಸೆಲ್ಸಿಯಸ್, ಗೋಡೆಯ ಮೈ 20 ಡಿಗ್ರಿ ಎಂದಿಟ್ಟುಕೊಂಡರೆ, ಬಣ್ಣ ಬಳಿದ ಎರಡು ಮೈಗಳ ನಡುವೆ ಚದರ ಮೀಟರಿಗೆ ಸುಮಾರು 160 ವ್ಯಾಟ್ ಶಾಖ ವಿಕಿರಣವಾಗಿ ದಾಟುತ್ತದೆ. ಗೋಡೆಯ ಮುಂದೆ ಶುದ್ಧವಾದ ಅಲ್ಯೂಮಿನಿಯಂ ಮುಖವಿದ್ದರೆ ಅದು ಸುಮಾರು 10 ವ್ಯಾಟಿಗೆ ಇಳಿಯುತ್ತದೆ. ಜಾಹೀರಾತುಗಳು ಈ ಎರಡು ಅಂಕಿಗಳನ್ನು ತೋರಿಸಿ ಅಲ್ಲಿಗೇ ನಿಲ್ಲುತ್ತವೆ.

ನಿಲ್ಲಬಾರದು, ಏಕೆಂದರೆ ಗೋಡೆಯನ್ನು ತಲುಪಿದ ಶಾಖವೆಲ್ಲ ಬೀದಿಗೆ ಹೋಗುವುದಿಲ್ಲ. ಕಾದ ಗೋಡೆ ತನ್ನ ಮುಂದಿನ ಗಾಳಿಗೆ ಅದರಲ್ಲಿ ಒಂದು ಪಾಲನ್ನು ಮರಳಿಸುತ್ತದೆ. ನಿಜವಾದ ನಷ್ಟವೆಂದರೆ ಇಟ್ಟಿಗೆಯ ಮೂಲಕ ವಹನವಾಗಿ ಹೊರಮೈ ಸೇರುವಷ್ಟು ಮಾತ್ರ. ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ ಗೋಡೆ, ಹೊರಗೆ 5 ಡಿಗ್ರಿ ಚಳಿ, ಹಾಳೆ ಇಲ್ಲದಾಗ ರೇಡಿಯೇಟರಿನ ಹಿಂದಿನ ಗೋಡೆಯ ಒಳಮೈ 35 ಡಿಗ್ರಿ, ಹಾಳೆ ಹಾಕಿದ ಮೇಲೆ 25 ಡಿಗ್ರಿ ಎಂದು ಭಾವಿಸೋಣ. ಆಗ ನಷ್ಟವು ಚದರ ಮೀಟರಿಗೆ ಸುಮಾರು 86 ವ್ಯಾಟಿನಿಂದ 57 ವ್ಯಾಟಿಗೆ ಇಳಿಯುತ್ತದೆ, ಅಂದರೆ ಉಳಿಕೆ ಮೂವತ್ತು ವ್ಯಾಟಿನ ಆಸುಪಾಸು. ಅದೇ ಗೋಡೆ ಎರಡು ಪದರದ್ದಾಗಿದ್ದು ನಡುವಿನ ಸಂದಿಗೆ ಶಾಖರೋಧಕ ತುಂಬಿದ್ದರೆ, ಅದೇ ಹತ್ತು ಡಿಗ್ರಿ ಇಳಿಕೆಯಿಂದ ಉಳಿಯುವುದು ಸುಮಾರು ಐದು ವ್ಯಾಟ್ ಮಾತ್ರ. ಆದ್ದರಿಂದ ಮನೆಯ ಗೋಡೆ ಯಾವ ಬಗೆಯದು ಎಂಬುದನ್ನು ತಿಳಿಯದೆ ಶೇಕಡಾವಾರು ಉಳಿತಾಯವನ್ನು ಹೇಳುವವರ ಮಾತನ್ನು ನಂಬಬೇಡಿ.

ಹೊಳೆದಂಡೆ (ಹರಿಹರ)

ನಮ್ಮವರ ಕೆಲಸದ ನಿಮಿತ್ತ ನಾವು ಕೆಲವು ವರ್ಷ ಮ್ಯಾಂಚೆಸ್ಟರಿನಲ್ಲಿದ್ದೆವು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಪಕ್ಕದಿಂದ ಹೋಗಿ ಮೂಲ ಮ್ಯಾಂಚೆಸ್ಟರಿನಲ್ಲಿ ಸಂಸಾರ ಹೂಡಿದ್ದನ್ನು ನಮ್ಮ ನೆಂಟರು ಬಹಳ ದಿನ ಆಡಿಕೊಂಡರು.

ಮೇಷ್ಟ್ರು ಹೇಳಿದ ಗೋಡೆಯ ಬಗೆಯನ್ನು ಹೊರಗೆ ನಿಂತೇ ಗುರುತಿಸಬಹುದು. ಇಟ್ಟಿಗೆಗಳ ಉದ್ದನೆಯ ಮುಖ ಮಾತ್ರ ಕಾಣುತ್ತಿದ್ದರೆ ಅದು ಸಾಮಾನ್ಯವಾಗಿ ನಡುವೆ ಸಂದಿಯಿರುವ ಎರಡು ಪದರದ ಗೋಡೆ. ಉದ್ದನೆಯ ಮುಖಗಳ ನಡುವೆ ಇಟ್ಟಿಗೆಯ ಚಿಕ್ಕ ತುದಿಗಳೂ ಕಾಣುತ್ತಿದ್ದರೆ ಅದು ಗಟ್ಟಿ ಗೋಡೆ, ಏಕೆಂದರೆ ಇಟ್ಟಿಗೆಯನ್ನು ಅಡ್ಡಲಾಗಿ ಇಟ್ಟು ಎರಡೂ ಮೈಗಳನ್ನು ಬೆಸೆದಿರುತ್ತಾರೆ. ನೂರು ವರ್ಷ ದಾಟಿದ ಸಾಲು ಮನೆಗಳಲ್ಲಿ ಹೆಚ್ಚಿನವು ಗಟ್ಟಿ ಗೋಡೆಯವೇ. ಸಾಲಿನ ನಡುವಿನ ಮನೆಯಾದರೆ ಎರಡು ಪಕ್ಕದ ಗೋಡೆಗಳ ಆಚೆ ನೆರೆಯವರ ಬೆಚ್ಚನೆಯ ಕೋಣೆಗಳಿರುತ್ತವೆ. ಅಲ್ಲಿ ಹಾಳೆ ಹಾಕುವುದು ವ್ಯರ್ಥ. ಮನೆಯ ಒಳಗೋಡೆಗಳಿಗೂ ಅಷ್ಟೇ. ಬೀದಿಯ ಕಡೆಯ ಮತ್ತು ಹಿತ್ತಲ ಕಡೆಯ ಗೋಡೆಗಳಲ್ಲಿರುವ ರೇಡಿಯೇಟರುಗಳಿಗೆ ಮಾತ್ರ ಹಾಕಿದರೆ ಸಾಕು.

ನಿಮ್ಮ ಮಗಳಿಗೆ ಇನ್ನೊಂದು ಮಾತು ಹೇಳಿ. ಅಲ್ಲಿನ ಮನೆಗಳಲ್ಲಿ ರೇಡಿಯೇಟರನ್ನು ಕಿಟಕಿಯ ಕೆಳಗೆ ಇಟ್ಟಿರುತ್ತಾರೆ. ನಮ್ಮ ಕಡೆಯ ಜನ ಅಲ್ಲಿಗೆ ಹೋದ ಕೂಡಲೇ ನೆಲದವರೆಗೆ ಇಳಿಯುವ ಚೆಂದದ ಪರದೆ ಹಾಕುತ್ತಾರೆ. ರಾತ್ರಿ ಪರದೆ ಎಳೆದರೆ ರೇಡಿಯೇಟರ್ ಪರದೆಯ ಹಿಂದೆ ಸಿಕ್ಕಿಕೊಂಡು, ಏರುವ ಬಿಸಿಗಾಳಿಯೆಲ್ಲ ಕಿಟಕಿಯ ಗಾಜನ್ನು ಕಾಯಿಸುತ್ತದೆ. ಹಾಳೆ ಕೊಳ್ಳುವ ಮೊದಲು ಪರದೆಯನ್ನು ಕಿಟಕಿಯ ಅಂಚಿನವರೆಗೆ ಮೊಟಕುಗೊಳಿಸಲಿ. ಸೋಫಾವನ್ನು ರೇಡಿಯೇಟರಿಗೆ ಒತ್ತಿ ಇಟ್ಟಿದ್ದರೆ ಅದನ್ನೂ ಸರಿಸಲಿ.

ಶಾಮನೂರು ರಸ್ತೆ (ದಾವಣಗೆರೆ)

ಅಕ್ಕಾ, ಮಗಳು ಕಳುಹಿಸಿದ ಚಿತ್ರದಲ್ಲಿ ಇಟ್ಟಿಗೆಯ ಚಿಕ್ಕ ತುದಿಗಳು ಸ್ಪಷ್ಟವಾಗಿ ಕಾಣುತ್ತವೆ. ಗಟ್ಟಿ ಗೋಡೆಯೇ ಸರಿ. ಹೊರಗೋಡೆಯಲ್ಲಿ ನಾಲ್ಕು ರೇಡಿಯೇಟರುಗಳಿವೆ. ಮೇಷ್ಟ್ರೇ, ಮೂವತ್ತು ವ್ಯಾಟ್ ಎಂದರೆ ಬಿಲ್ಲಿನಲ್ಲಿ ಎಷ್ಟಾಗುತ್ತದೆ ಎಂಬುದನ್ನು ಹೇಳಿದರೆ ಅಳಿಯಂದಿರಿಗೆ ತಿಳಿಸಲು ಅನುಕೂಲ.

ಭೌತಶಾಸ್ತ್ರದ ಮೇಷ್ಟ್ರು (ಚಿತ್ರದುರ್ಗ)

ಒಂದೊಂದು ರೇಡಿಯೇಟರ್ ಒಂದು ಚದರ ಮೀಟರಿನಷ್ಟಿದ್ದು ದಿನಕ್ಕೆ ಹತ್ತು ಗಂಟೆ ಬಿಸಿಯಾಗಿರುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕರಿಂದ ದಿನಕ್ಕೆ ಸುಮಾರು 1.2 ಯೂನಿಟ್ (ಕಿಲೋವ್ಯಾಟ್-ಗಂಟೆ) ಉಳಿಯುತ್ತದೆ. ಆರು ತಿಂಗಳ ಚಳಿಗಾಲಕ್ಕೆ ಇನ್ನೂರು ಯೂನಿಟ್ ದಾಟುತ್ತದೆ. ಬ್ರಿಟನ್ನಿನ ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ 2023ರಲ್ಲಿ ಒಂದು ಸಾಧಾರಣ ಮನೆಯ ಅನಿಲ ಬಳಕೆಯನ್ನು ವರ್ಷಕ್ಕೆ 11,500 ಯೂನಿಟ್ ಎಂದು ಲೆಕ್ಕ ಹಿಡಿದಿತ್ತು. ಅದಕ್ಕೆ ಹೋಲಿಸಿದರೆ ನಿಮ್ಮ ಉಳಿತಾಯ ಶೇಕಡಾ ಎರಡರ ಹತ್ತಿರ. ಹಾಳೆಯ ಬೆಲೆ ಕಡಿಮೆಯಾದ್ದರಿಂದ ಮಾಡಬೇಕಾದ ಕೆಲಸವೇ, ಆದರೆ ಬಿಲ್ಲು ಅರ್ಧವಾಗುತ್ತದೆ ಎಂದು ಕಾಯುವವರಿಗೆ ನಿರಾಶೆಯಾಗುತ್ತದೆ.

ಬಿಲ್ಲಿನಲ್ಲಿ ಕಾಣುವಂಥ ಇಳಿಕೆ ಬೇಕಿದ್ದರೆ ಬಾಯ್ಲರಿನ ನೀರಿನ ಉಷ್ಣಾಂಶವನ್ನು ನೋಡಲಿ. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿರುವ ನೀರಾವಿಯನ್ನು ದ್ರವವಾಗಿಸಿ ಅದರ ಗುಪ್ತೋಷ್ಣವನ್ನೂ (ಆವಿ ನೀರಾಗುವಾಗ ಬಿಡುವ ಶಾಖವನ್ನೂ) ಬಳಸಿಕೊಳ್ಳುತ್ತವೆ. ಆದರೆ ಇದು ಸಾಧ್ಯವಾಗುವುದು ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ. ಅನೇಕ ಮನೆಗಳಲ್ಲಿ ಬಾಯ್ಲರನ್ನು 70–80 ಡಿಗ್ರಿಗೆ ಇಟ್ಟುಬಿಟ್ಟಿರುತ್ತಾರೆ. ಅದನ್ನು 60ಕ್ಕೋ 55ಕ್ಕೋ ಇಳಿಸಿದರೆ ಮನೆ ನಿಧಾನವಾಗಿ ಬಿಸಿಯಾದರೂ ಅನಿಲ ಉಳಿಯುತ್ತದೆ. ಬಾಯ್ಲರಿನೊಡನೆ ಬಿಸಿನೀರು ಸಂಗ್ರಹಿಸುವ ತೊಟ್ಟಿ ಇದ್ದರೆ ಮಾತ್ರ ಅದರ ನೀರನ್ನು 60 ಡಿಗ್ರಿಯವರೆಗೆ ಕಾಯಿಸಲೇಬೇಕು. ಇಲ್ಲವಾದರೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯವಿದೆ. ಜೊತೆಗೆ ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಮೇಲಿನ ಮೂಲೆಯ ಚಿಕ್ಕ ತಿರುಪನ್ನು ಸಡಿಲಿಸಿ ಆ ಗಾಳಿಯನ್ನು ಬಿಡಬೇಕು.

ಮಂಡಕ್ಕಿ ಓಣಿ (ದಾವಣಗೆರೆ)

ಹಿರಿಯರ ಚರ್ಚೆಯ ನಡುವೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಲೀಡ್ಸಿನವರು ಶಾಖವನ್ನು ಒಳಗೆ ಇಟ್ಟುಕೊಳ್ಳಲು ಹಾಳೆ ಹಾಕುತ್ತಾರೆ, ಸರಿ. ನಮ್ಮ ಮನೆಗೆ ತಗಡಿನ ಚಾವಣಿ ಇದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಲೆಯ ಮೇಲೆ ಕಾದ ಹೆಂಚು ಹಿಡಿದಂತಿರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಅದೇ ಹಾಳೆಯನ್ನು ತಗಡಿನ ಕೆಳಗೆ ಕಟ್ಟಿದರೆ ಪ್ರಯೋಜನವಿದೆಯೇ, ಅಥವಾ ಅದೂ ಶೇಕಡಾ ಎರಡರ ಕಥೆಯೇ?

ಭೌತಶಾಸ್ತ್ರದ ಮೇಷ್ಟ್ರು (ಚಿತ್ರದುರ್ಗ)

ತಮ್ಮಾ, ನಿಮ್ಮ ಪ್ರಶ್ನೆಯೇ ಈ ಚರ್ಚೆಯಲ್ಲಿ ಹೆಚ್ಚು ತೂಕದ್ದು. ಹಾಳೆಗೆ ರೇಡಿಯೇಟರಿನ ಹಿಂದಿಗಿಂತ ನಿಮ್ಮ ತಗಡಿನ ಕೆಳಗೆ ಹೆಚ್ಚು ಕೆಲಸವಿದೆ.

ಕಾದ ಗಾಳಿ ಮೇಲೇರುತ್ತದೆ. ರೇಡಿಯೇಟರ್ ನೆಲದ ಹತ್ತಿರ ಇರುವುದರಿಂದ ಅದರ ಶಾಖವನ್ನು ಗಾಳಿಯೇ ಹೊತ್ತೊಯ್ಯುತ್ತದೆ, ವಿಕಿರಣದ ಪಾಲು ಸಣ್ಣದಾಗುತ್ತದೆ. ನಿಮ್ಮ ಮನೆಯಲ್ಲಿ ಬಿಸಿಯ ಮೂಲ ಮೇಲೆಯೇ ಇದೆ. ತಗಡಿಗೆ ತಾಗಿ ಕಾದ ಗಾಳಿಗೆ ಹೋಗಲು ಇನ್ನೂ ಮೇಲೆ ಜಾಗವಿಲ್ಲದೆ ಅದು ಅಲ್ಲೇ ಪದರವಾಗಿ ನಿಲ್ಲುತ್ತದೆ, ತಾನಾಗಿ ಕೆಳಗೆ ಇಳಿಯುವುದಿಲ್ಲ. ಹಾಗಿದ್ದೂ ನಿಮ್ಮ ನೆತ್ತಿ ಸುಡುತ್ತದೆಂದರೆ ಆ ಶಾಖದ ಬಹುಪಾಲು ವಿಕಿರಣವಾಗಿಯೇ ಇಳಿಯುತ್ತಿದೆ. ಹಾಳೆ ತಡೆಯುವುದು ಅದನ್ನೇ.

ನಮ್ಮ ಜಿಲ್ಲೆಗಳು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ ಬರುತ್ತಾನೆ, ಆದರೆ ಆಗ ಮೋಡ ನಮ್ಮನ್ನು ಕಾಪಾಡುತ್ತದೆ. ಗೋಡೆಗಳಿಗಿಂತ ಚಾವಣಿಗೆ ಬಿಸಿಲು ಹೆಚ್ಚು ಬೀಳುವುದು ಈ ಕಾರಣಕ್ಕೆ. ತಗಡು 65 ಡಿಗ್ರಿಗೆ ಕಾದು ಮನೆಯ ಒಳಮೈಗಳು 32 ಡಿಗ್ರಿ ಇವೆ ಎಂದಿಟ್ಟುಕೊಂಡರೆ, ಬಣ್ಣ ಬಳಿದ ಅಥವಾ ತುಕ್ಕು ಹಿಡಿದ ತಗಡಿನಿಂದ ಚದರ ಮೀಟರಿಗೆ ಸುಮಾರು 225 ವ್ಯಾಟ್ ಕೆಳಗೆ ಸೂಸುತ್ತದೆ. ಅದೇ ಉಷ್ಣಾಂಶದಲ್ಲಿ ಅಲ್ಯೂಮಿನಿಯಂ ಮುಖ ಸೂಸುವುದು ಸುಮಾರು 12 ವ್ಯಾಟ್. ಗಾಳಿಯ ಮೂಲಕ, ಕಬ್ಬಿಣದ ಪಟ್ಟಿಗಳ ಮೂಲಕ ಬರುವ ಬಿಸಿ ಬೇರೆ ಇದ್ದೇ ಇರುತ್ತದೆ, ಹಾಗಾಗಿ ಅನುಭವದಲ್ಲಿ ಇಷ್ಟು ದೊಡ್ಡ ಇಳಿಕೆ ಸಿಗದು. ಆದರೂ ನೆತ್ತಿಗೆ ತಾಗುವ ಉರಿ ಕಡಿಮೆಯಾದದ್ದು ಮೊದಲ ಮಧ್ಯಾಹ್ನವೇ ತಿಳಿಯುತ್ತದೆ.

ತಗಡು ಕೆಲಸ (ಚಳ್ಳಕೆರೆ)

ನಾನು ಶೀಟು ಹೊದಿಸುವ ಗುತ್ತಿಗೆ ಮಾಡುತ್ತೇನೆ. ಅಂಗಡಿಯಲ್ಲಿ ಇದನ್ನು ಬಬಲ್ ಶೀಟು ಎಂದು ಕೇಳಬೇಕು: ನಡುವೆ ಗಾಳಿಗುಳ್ಳೆಗಳ ಪ್ಲಾಸ್ಟಿಕ್, ಒಂದು ಅಥವಾ ಎರಡೂ ಮುಖಕ್ಕೆ ಅಲ್ಯೂಮಿನಿಯಂ. ಹೊಸ ಚಾವಣಿಯಾದರೆ ಶೀಟನ್ನು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ಮೇಲೆ ಇದನ್ನು ಹಾಸಿ ಅದರ ಮೇಲೆ ಶೀಟು ಬಿಗಿಯುತ್ತೇವೆ. ಹಳೆಯ ಚಾವಣಿಯಾದರೆ ಕೆಳಗಿನಿಂದ ತಂತಿ ಎಳೆದು ಅದಕ್ಕೆ ಕಟ್ಟುತ್ತೇವೆ. ಗಿರಾಕಿಗಳು ಹೊಳೆಯುವ ಮುಖ ಮೇಲೆ ಇರಬೇಕು, ಆಗಲೇ ಬಿಸಿಲು ವಾಪಸ್ಸು ಹೋಗುತ್ತದೆ ಎಂದು ಹಠ ಹಿಡಿಯುತ್ತಾರೆ. ನಾನು ಕೆಳಗಿರಲಿ ಎನ್ನುತ್ತೇನೆ, ಅವರಿಗೆ ಒಪ್ಪಿಗೆಯಾಗುವುದಿಲ್ಲ. ಮೇಷ್ಟ್ರು ಇದನ್ನು ಇತ್ಯರ್ಥ ಮಾಡಬೇಕು.

ಭೌತಶಾಸ್ತ್ರದ ಮೇಷ್ಟ್ರು (ಚಿತ್ರದುರ್ಗ)

ನೀವು ಹೇಳುವುದೇ ಸರಿ. ಅಲ್ಯೂಮಿನಿಯಂ ಮುಖಕ್ಕೆ ಎರಡು ಗುಣಗಳಿವೆ: ತನ್ನ ಮೇಲೆ ಬಿದ್ದ ಶಾಖಕಿರಣವನ್ನು ಹಿಂದಿರುಗಿಸುತ್ತದೆ, ತಾನೇ ಕಾದರೂ ಕಿರಣವನ್ನು ಬಹಳ ಕಡಿಮೆ ಸೂಸುತ್ತದೆ. ಎರಡೂ ಒಂದೇ ಗುಣದ ಎರಡು ಬದಿಗಳು. ಮುಖ ಮೇಲಿದ್ದರೆ ಮೊದಲನೆಯದು ಕೆಲಸ ಮಾಡುತ್ತದೆ, ಕೆಳಗಿದ್ದರೆ ಎರಡನೆಯದು. ಫಲದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಮೇಲ್ಮುಖವಾದ ಹಾಳೆಯ ಮೇಲೆ ನಮ್ಮ ಊರಿನ ಧೂಳು ಕೂರುತ್ತದೆ. ಧೂಳು ಕಪ್ಪು ಬಣ್ಣದಂತೆಯೇ ಶಾಖವನ್ನು ಹೀರುತ್ತದೆ, ಸೂಸುತ್ತದೆ. ಒಂದೆರಡು ಬೇಸಿಗೆಯಲ್ಲಿ ಹಾಳೆಯ ಗುಣ ಕುಗ್ಗಿಹೋಗುತ್ತದೆ. ಕೆಳಮುಖದ ಮೇಲೆ ಧೂಳು ಅಷ್ಟು ನಿಲ್ಲುವುದಿಲ್ಲ. ಎರಡೂ ಕಡೆ ಹೊಳಪಿರುವುದು ಸಿಕ್ಕರೆ ಉತ್ತಮ.

ನಿಯಮ ಮಾತ್ರ ಒಂದೇ: ಹೊಳೆಯುವ ಮುಖದ ಮುಂದೆ ಗಾಳಿಯ ಸಂದಿ ಇರಲೇಬೇಕು. ತಗಡಿಗೆ ಒತ್ತಿಕೊಂಡ ಅಲ್ಯೂಮಿನಿಯಂ ಮುಖ ಇಲ್ಲದಂತೆಯೇ ಲೆಕ್ಕ, ಏಕೆಂದರೆ ಅಲ್ಲಿ ವಿಕಿರಣವೇ ಇಲ್ಲ, ಲೋಹದಿಂದ ಲೋಹಕ್ಕೆ ನೇರ ವಹನ. ಪರ್ಲಿನ್‌ಗಳ ನಡುವೆ ಹಾಳೆ ತುಸು ಜೋತುಬೀಳುವಂತೆ ಹಾಸಿದರೆ ಮೇಲೂ ಸಂದಿ ಸಿಗುತ್ತದೆ. ಆ ಸಂದಿಯಲ್ಲಿ ಕಾದ ಗಾಳಿ ತುದಿಯಿಂದ ಹೊರಹೋಗಲು ದಾರಿ ಬಿಟ್ಟರೆ ಇನ್ನೂ ಲಾಭ.

ಮಂಡಕ್ಕಿ ಓಣಿ (ದಾವಣಗೆರೆ)

ಮನೆಯ ಹಿಂದೆಯೇ ಮಂಡಕ್ಕಿ ಹುರಿಯುವ ನಮ್ಮ ಭಟ್ಟಿಯೂ ಇದೆ. ಅದರ ಶೆಡ್ಡಿಗೂ ಇದನ್ನೇ ಕಟ್ಟಿಸಬಹುದೇ?

ತಗಡು ಕೆಲಸ (ಚಳ್ಳಕೆರೆ)

ಭಟ್ಟಿಯ ಮೇಲೆ ಬೇಡ. ಬಬಲ್ ಶೀಟಿನ ಹೊಟ್ಟೆಯೊಳಗಿರುವುದು ಪ್ಲಾಸ್ಟಿಕ್. ಬೆಂಕಿಯ ಕಿಡಿ ತಾಗಿದರೆ ಕರಗಿ ತೊಟ್ಟಿಕ್ಕುತ್ತದೆ. ಅಂಥ ಕಡೆ ಗಾಳಿ ಆಡುವಂತೆ ಚಾವಣಿಯ ನೆತ್ತಿ ತೆರೆದಿಡುವುದು, ಶೀಟಿನ ಮೇಲೆ ಬಿಳಿ ಬಣ್ಣ ಬಳಿಯುವುದು ಮೇಲು. ಇನ್ನೊಂದು ಎಚ್ಚರಿಕೆ: ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅವುಗಳಿಗೆ ತೂತು ಕೊರೆಯಬಾರದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಳೆಯನ್ನು ಪರ್ಲಿನ್‌ಗಳಿಗೇ ಕಟ್ಟಬೇಕು.

ಮೇಲ್ಮಹಡಿ (ನಿಜಲಿಂಗಪ್ಪ ಬಡಾವಣೆ, ದಾವಣಗೆರೆ)

ನಮ್ಮದು ಆರ್‌ಸಿಸಿ ಮನೆಯ ಮೇಲ್ಮಹಡಿ. ಹಗಲಿಗಿಂತ ರಾತ್ರಿ ಹತ್ತು ಗಂಟೆಗೆ ಸೆಕೆ ಹೆಚ್ಚು. ಸ್ಲ್ಯಾಬಿನ ಒಳಮೈಗೆ ಹಾಳೆಯನ್ನು ಗೋಂದಿನಿಂದ ಅಂಟಿಸಿ ಅದರ ಮೇಲೆ ಬಣ್ಣ ಬಳಿದುಕೊಡುತ್ತೇವೆ ಎಂದು ಒಬ್ಬರು ಬಂದಿದ್ದರು. ಒಪ್ಪಿಕೊಳ್ಳಬಹುದೇ? ಸ್ನಾನದ ಮನೆಯ ಗೀಸರಿಗೂ ಸುತ್ತಿಸಿಕೊಳ್ಳಿ ಎಂದರು.

ಭೌತಶಾಸ್ತ್ರದ ಮೇಷ್ಟ್ರು (ಚಿತ್ರದುರ್ಗ)

ದಯವಿಟ್ಟು ಒಪ್ಪಬೇಡಿ ಮೇಡಂ. ಬಣ್ಣ ಬಳಿದ ಕ್ಷಣದಲ್ಲಿ ಅಲ್ಯೂಮಿನಿಯಂನ ಗುಣ ಮುಗಿಯಿತು. ಮನೆಯ ಉಷ್ಣಾಂಶದಲ್ಲಿ ಹೊರಡುವ ಶಾಖಕಿರಣಗಳಿಗೆ ಬಿಳಿ ಬಣ್ಣವೂ ಒಂದೇ, ಕಪ್ಪು ಬಣ್ಣವೂ ಒಂದೇ. ಲೀಡ್ಸಿನ ರೇಡಿಯೇಟರ್ ಬಿಳಿಯಾಗಿದ್ದರೂ ಚೆನ್ನಾಗಿ ಶಾಖ ಸೂಸುವುದು ಈ ಕಾರಣಕ್ಕೆ. ಅದಕ್ಕೆ ಬೆಳ್ಳಿಯಂತೆ ಹೊಳೆಯುವ ಲೋಹದ ಬಣ್ಣ ಬಳಿದರೆ ಮಾತ್ರ ಕೋಣೆಗೆ ಬರುವ ಬಿಸಿ ಕಡಿಮೆಯಾಗುತ್ತದೆ.

ನಿಮ್ಮ ಸ್ಲ್ಯಾಬ್ ಹಗಲೆಲ್ಲ ಬಿಸಿಲನ್ನು ಕುಡಿದು ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ಆದ್ದರಿಂದ ಬಿಸಿಲನ್ನು ಅದರ ನೆತ್ತಿಯ ಮೇಲೆಯೇ ತಡೆಯಬೇಕು. ಅಲ್ಲಿಗೆ ಸುಣ್ಣವೇ ಶ್ರೇಷ್ಠ. ಬಿಸಿಲು ಬಹುಮಟ್ಟಿಗೆ ಬೆಳಕು ಮತ್ತು ಅದಕ್ಕೆ ಹತ್ತಿರದ ಕಿರಣಗಳಾದ್ದರಿಂದ ಬಿಳಿ ಮೈ ಅದನ್ನು ಹಿಂದಿರುಗಿಸುತ್ತದೆ, ಮತ್ತು ಹೀರಿಕೊಂಡ ಸ್ವಲ್ಪವನ್ನೂ ರಾತ್ರಿ ಆಕಾಶಕ್ಕೆ ಧಾರಾಳವಾಗಿ ಸೂಸಿ ತಣ್ಣಗಾಗುತ್ತದೆ. ಹೊಳೆಯುವ ಲೋಹವನ್ನು ಮೇಲೆ ಹಾಸಿದರೆ ಅದು ಬಿಸಿಲನ್ನು ಹಿಂದಿರುಗಿಸಿದರೂ ಹೀರಿದ್ದನ್ನು ಸೂಸಲಾರದೆ ಕಾಯುತ್ತದೆ. ಮಳೆಗಾಲ ಕಳೆದ ಮೇಲೆ, ಬೇಸಿಗೆಗೆ ಮುಂಚೆ ಎರಡು ಕೈ ಸುಣ್ಣ ಬಳಿಸಿ, ಪ್ರತಿ ವರ್ಷ ಹೊಸದಾಗಿಸಿ. ಖರ್ಚು ಮಾಡಬಲ್ಲವರು ಬಿಳಿ ಟೈಲ್ಸ್ ಹಾಕಿಸಬಹುದು. ಹಿಂದಿನವರ ಮಣ್ಣಿನ ಮಾಳಿಗೆಯ ತಂಪಿಗೆ ಕಾರಣ ಅದರ ದಪ್ಪ; ನಾಲ್ಕೈದು ಅಂಗುಲದ ಕಾಂಕ್ರೀಟಿನಿಂದ ಅದನ್ನು ನಿರೀಕ್ಷಿಸಲಾಗದು.

ಗೀಸರಿನ ಒಳಗೆ ಶಾಖರೋಧಕ ಮೊದಲೇ ಇರುತ್ತದೆ, ಹೊರಮೈ ಹೆಚ್ಚು ಕಾಯುವುದೇ ಇಲ್ಲ. ಸೋಲಾರ್ ಹೀಟರಿನಿಂದ ಕೆಳಗಿಳಿಯುವ ಬಿಸಿನೀರಿನ ಪೈಪಿಗೆ ಫೋಮ್ ಕೊಳವೆ ಹೊದಿಸಿ, ಅದರಲ್ಲಿ ಲಾಭವಿದೆ.

ಶಾಮನೂರು ರಸ್ತೆ (ದಾವಣಗೆರೆ)

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಪರದೆ ಮೊಟಕಾಗಿದೆ, ಬಾಯ್ಲರನ್ನು 60 ಡಿಗ್ರಿಗೆ ಇಳಿಸಿದ್ದಾರೆ. ಇನ್ನು ಎರಡು ಸಂದೇಹಗಳಿವೆ. ಅಡುಗೆಮನೆಯಲ್ಲಿ ರೊಟ್ಟಿ ಸುತ್ತುವ ಫಾಯಿಲ್ ಸಾಕೇ? ರೇಡಿಯೇಟರಿಗೂ ಗೋಡೆಗೂ ನಡುವೆ ಮೂರು ಸೆಂಟಿಮೀಟರ್ ಮಾತ್ರ ಜಾಗವಿದೆ, ರೇಡಿಯೇಟರನ್ನು ಬಿಚ್ಚದೆ ಹಾಕಲು ಆಗುತ್ತದೆಯೇ?

ಹೊಳೆದಂಡೆ (ಹರಿಹರ)

ಅಡುಗೆಮನೆಯ ಫಾಯಿಲ್ ಗುಣದಲ್ಲಿ ಕಡಿಮೆಯೇನಲ್ಲ, ಅದರ ಮಂಕು ಮುಖವೂ ಹೊಳೆಯುವ ಮುಖದಷ್ಟೇ ಕೆಲಸ ಮಾಡುತ್ತದೆ. ಆದರೆ ಅದು ಬಲು ತೆಳು. ಹರಿಯುತ್ತದೆ, ಸುಕ್ಕಾಗಿ ರೇಡಿಯೇಟರಿಗೆ ತಾಗುತ್ತದೆ. ಮೂರರಿಂದ ಐದು ಮಿಲಿಮೀಟರ್ ದಪ್ಪದ ಫೋಮಿಗೆ ಫಾಯಿಲ್ ಅಂಟಿಸಿದ ಹಾಳೆ ಸಿಗುತ್ತದೆ. ಅದನ್ನು ತೆಗೆದುಕೊಂಡರೆ ಎರಡು ಸೆಂಟಿಮೀಟರಿಗೂ ಹೆಚ್ಚು ಗಾಳಿಯ ಸಂದಿ ಉಳಿಯುತ್ತದೆ, ಫೋಮ್ ಇರುವುದರಿಂದ ವಹನಕ್ಕೂ ಅಷ್ಟಿಷ್ಟು ತಡೆಯಾಗುತ್ತದೆ. ಅದಕ್ಕಿಂತ ದಪ್ಪದ್ದು ಹಾಕಿ ಸಂದಿಯನ್ನು ಮುಚ್ಚಿದರೆ ಗಾಳಿ ಏರಲಾಗದೆ ರೇಡಿಯೇಟರಿನ ಶಕ್ತಿಯೇ ಕುಗ್ಗುತ್ತದೆ.

ಬಿಚ್ಚುವ ಅಗತ್ಯವಿಲ್ಲ. ರೇಡಿಯೇಟರಿಗಿಂತ ಸುತ್ತಲೂ ಎರಡು ಬೆರಳಗಲ ಚಿಕ್ಕದಾಗಿ ಹಾಳೆಯನ್ನು ಕತ್ತರಿಸಿ, ಗೋಡೆಯ ಕೊಂಡಿಗಳಿರುವ ಕಡೆ ಕೆಳಗಿನಿಂದ ಸೀಳು ಕೊಟ್ಟು, ಮೇಲಿನಿಂದ ಇಳಿಬಿಡಬೇಕು. ಎರಡೂ ಬದಿಗೆ ಅಂಟುವ ಟೇಪನ್ನು ಮೇಲಿನ ಅಂಚಿಗೆ ಮೊದಲೇ ಹಚ್ಚಿ, ಉದ್ದನೆಯ ಮರದ ಪಟ್ಟಿಯಿಂದ ಗೋಡೆಗೆ ಒತ್ತಿದರೆ ನಿಲ್ಲುತ್ತದೆ. ಈ ಕೆಲಸವನ್ನು ಬಾಯ್ಲರ್ ಆರಿಸಿ, ರೇಡಿಯೇಟರ್ ತಣ್ಣಗಾದ ಮೇಲೆ ಮಾಡಬೇಕು. ಹತ್ತಿರದಲ್ಲಿ ವಿದ್ಯುತ್ ಪ್ಲಗ್ಗಿನ ಪೆಟ್ಟಿಗೆ ಇದ್ದರೆ ಹಾಳೆ ಅದಕ್ಕೆ ತಾಗದಂತೆ ದೂರ ಇಡಲಿ, ಅಲ್ಯೂಮಿನಿಯಂ ವಿದ್ಯುತ್ತನ್ನು ಸಾಗಿಸುತ್ತದೆ. ಗೋಡೆಯಲ್ಲಿ ಮಳೆಯ ತೇವ ಕಾಣುತ್ತಿದ್ದರೆ ಆ ರೇಡಿಯೇಟರಿಗೆ ಈಗಲೇ ಬೇಡ. ಇದುವರೆಗೆ ಆ ಗೋಡೆಯನ್ನು ಒಣಗಿಸುತ್ತಿದ್ದುದು ಅದೇ ಬಿಸಿ. ಹೊರಗಿನ ಸೋರಿಕೆಯನ್ನು ಸರಿಪಡಿಸಿ, ಗೋಡೆ ಒಣಗಿದ ನಂತರ ಹಾಕಲಿ.

ಶಾಮನೂರು ರಸ್ತೆ (ದಾವಣಗೆರೆ)

ಹಿತ್ತಲ ಕಡೆಯ ಕೋಣೆಯ ಗೋಡೆಯಲ್ಲಿ ತೇವದ ಕಲೆ ಇರುವುದಾಗಿ ಮಗಳು ಹೇಳಿದ್ದಳು. ಹಾಗಾದರೆ ಸದ್ಯಕ್ಕೆ ಮೂರು ರೇಡಿಯೇಟರುಗಳಿಗೆ ಮಾತ್ರ ಹಾಕಿಸಿ, ನಾಲ್ಕನೆಯದನ್ನು ಮಳೆನೀರಿನ ಪೈಪಿನ ದುರಸ್ತಿಯಾಗುವವರೆಗೆ ಬಿಡುವಂತೆ ತಿಳಿಸುತ್ತೇನೆ.